ನುಗ್ಗೇಹಳ್ಳಿಯಿಂದ ತಂದ ಮೂರು ಕೋಳಿ

ಚನ್ನರಾಯಪಟ್ಟಣದಲ್ಲಿ ಚಿಕ್ಕಲಕ್ಷ್ಮಮ್ಮನ ಮನೆಗೂ ಪದ್ಮಯ್ಯನವರ ಮನೆಗೂ ಹಿತ್ತಲ ಗೋಡೆ ಒಂದೇ. ಬುಡಕ್ಕೆ ಕಲ್ಲಿಟ್ಟ ಎದೆಮಟ್ಟದ ಮಣ್ಣಿನ ಗೋಡೆ. ಮಳೆಗೆ ಕರಗದಿರಲೆಂದು ಮೇಲೆ ಹಳೆಯ ಹೆಂಚು ಹೊದಿಸಿತ್ತು. ಮುಂಬಾಗಿಲುಗಳು ಬೇರೆ ಬೇರೆ ಬೀದಿಗೆ ತೆರೆಯುತ್ತಿದ್ದುದರಿಂದ ಮೂರು ವರ್ಷ ಕಳೆದರೂ ಎರಡು ಮನೆಯವರಿಗೆ ಅಷ್ಟಾಗಿ ಬಳಕೆಯಿರಲಿಲ್ಲ. ಪದ್ಮಯ್ಯನವರು ಜೈನರು, ಪೇಟೆಯಲ್ಲಿ ಹಿತ್ತಾಳೆ ಪಾತ್ರೆಯ ಅಂಗಡಿ ಇಟ್ಟಿದ್ದರು. ಚಿಕ್ಕಲಕ್ಷ್ಮಮ್ಮನ ಗಂಡ ಪುಟ್ಟರಾಜು ಹಿರೀಸಾವೆ ಕಡೆಯ ಒಕ್ಕಲು ಮನೆತನದವನು. ಅಣ್ಣನೊಂದಿಗೆ ಮನಸ್ತಾಪ ಮಾಡಿಕೊಂಡು ಪಟ್ಟಣಕ್ಕೆ ಬಂದು ಬಸ್ ಸ್ಟ್ಯಾಂಡಿನಲ್ಲಿ ಏಜೆಂಟನಾಗಿದ್ದ. ಈ ಮನೆಯಲ್ಲಿ ಮಾಂಸ ಬೇಯುವ ದಿನ ಆ ಮನೆಯವರು ಹಿತ್ತಲ ಬಾಗಿಲು ಮುಚ್ಚಿಕೊಳ್ಳುತ್ತಿದ್ದರು. ಇದ್ದ ಸಂಬಂಧ ಅಷ್ಟೇ.

ಐವತ್ತಾರನೆಯ ಇಸವಿಯ ಬೇಸಗೆಯಲ್ಲಿ ಚಿಕ್ಕಲಕ್ಷ್ಮಮ್ಮನ ಕೆಂಪು ಹೇಂಟೆ ಕಾಣೆಯಾಯಿತು. ನಾಯಿಯೇ ಹಿಡಿದಿರಬೇಕೆಂದು ಎರಡು ದಿನ ಬೀದಿನಾಯಿಗಳನ್ನೆಲ್ಲ ಬೈದು ಸುಮ್ಮನಾದಳು. ಇಪ್ಪತ್ತು ದಿನದ ಮೇಲೆ ಒಂದು ಬೆಳಿಗ್ಗೆ ಗೋಡೆಯಾಚೆಯಿಂದ ಹೆಂಗಸೊಬ್ಬರ ದನಿ ಕೇಳಿತು.

"ಏನಮ್ಮಾ, ನಿಮ್ಮ ಕೋಳಿ ನಮ್ಮ ಹಿತ್ತಲಲ್ಲಿ ಹೆತ್ತಿದೆ. ಬಂದು ಬಾಣಂತೀನ ಕರ್ಕೊಂಡು ಹೋಗ್ತೀರೋ, ಇಲ್ಲಾ ನಾನೇ ಎಣ್ಣೆನೀರು ಹಾಕ್ಲೋ?"

ಅವರು ಪದ್ಮಯ್ಯನವರ ತಂಗಿ ಅನಂತಮತಿ. ಹತ್ತೊಂಬತ್ತಕ್ಕೇ ಗಂಡನನ್ನು ಕಳೆದುಕೊಂಡು ಅಣ್ಣನ ಮನೆ ಸೇರಿದವರು. ಆಗ ಮೂವತ್ತೈದು ದಾಟಿತ್ತು. ಸೌದೆ ಒಟ್ಟಿದ್ದ ಮೂಲೆಯಲ್ಲಿ ಕಾವಿಗೆ ಕೂತಿದ್ದ ಕೋಳಿಯನ್ನು ಅವರು ಮೊದಲ ವಾರವೇ ಕಂಡಿದ್ದರು. ಹೇಳಿದರೆ ಮೊಟ್ಟೆ ತೆಗೆದುಬಿಡುತ್ತಾರೆಂದು ಯಾರಿಗೂ ಹೇಳದೆ, ಅಣ್ಣನ ಕಣ್ಣಿಗೂ ಬೀಳದಂತೆ ಎರಡು ಸೌದೆ ಅಡ್ಡವಿಟ್ಟು, ದಿನಾ ಒಂದು ಹಿಡಿ ನುಚ್ಚು ಹಾಕಿದ್ದರು. ಹನ್ನೊಂದು ಮರಿಗಳಾಗಿದ್ದವು. ಪದ್ಮಯ್ಯನವರಿಗೆ ಗೊತ್ತಾದಾಗ, "ಬಸದಿಗೆ ಹೋಗಿ ಬರೋರ ಮನೇಲಿ ಕೋಳಿಗೆ ಬಾಣಂತನ ಮಾಡ್ತೀಯಾ?" ಎಂದು ಗದರಿ, ಆಮೇಲೆ ತಾವೇ ನಕ್ಕರಂತೆ.

ಅಲ್ಲಿಂದ ಇಬ್ಬರಿಗೂ ಗೆಳೆತನವಾಯಿತು. ಮಧ್ಯಾಹ್ನದ ಊಟವಾದ ಮೇಲೆ, ಗಂಡಸರು ಕೆಲಸಕ್ಕೂ ಮಕ್ಕಳು ಶಾಲೆಗೂ ಹೋಗಿರುವ ಹೊತ್ತಿನಲ್ಲಿ, ಗೋಡೆಯ ಆಚೆ ಒಬ್ಬರು ಈಚೆ ಒಬ್ಬರು ನಿಂತು ಮಾತಾಡುವರು. ಅನಂತಕ್ಕ ಈ ಮನೆಯ ನೀರು ಕೂಡ ಮುಟ್ಟುತ್ತಿರಲಿಲ್ಲ. ಅದಕ್ಕೆ ಚಿಕ್ಕಲಕ್ಷ್ಮಮ್ಮ ಬೇಸರಪಡಲೂ ಇಲ್ಲ. ಆದರೆ ಕೋಳಿಗಳ ವಿಷಯಕ್ಕೆ ಬಂದರೆ ಅನಂತಕ್ಕನಿಗೆ ಯಾವ ಮಡಿಯೂ ಇರಲಿಲ್ಲ. ಯಾವುದು ಎಷ್ಟು ಹೊತ್ತಿಗೆ ಮೊಟ್ಟೆ ಇಟ್ಟಿತು, ಯಾವುದಕ್ಕೆ ಯಾವುದನ್ನು ಕಂಡರೆ ಆಗುವುದಿಲ್ಲ ಎಂಬುದೆಲ್ಲ ಸಾಕಿದವಳಿಗಿಂತ ಅವರಿಗೇ ಚೆನ್ನಾಗಿ ಗೊತ್ತಿತ್ತು. ಕೋಳಿ ಕೊಯ್ಯುವ ದಿನ ಮಾತ್ರ ಗೋಡೆಯ ಬಳಿ ಬರುತ್ತಿರಲಿಲ್ಲ. ಮಾರನೆಯ ದಿನ ಬಂದು ಉಳಿದವನ್ನು ಎಣಿಸುತ್ತಿದ್ದರು, ಏನೂ ಕೇಳುತ್ತಿರಲಿಲ್ಲ.

ಮುಂದಿನ ವರ್ಷ ಕೊಕ್ಕರೆ ರೋಗ ಬಂತು. ಕೋಳಿಗಳು ರೆಕ್ಕೆ ಇಳಿಬಿಟ್ಟು, ಕತ್ತು ತಿರುಚಿಕೊಂಡು, ಮೂರೇ ದಿನದಲ್ಲಿ ಸಾಲಾಗಿ ಸತ್ತವು. ಹಿತ್ತಲಲ್ಲಿ ಉಳಿದದ್ದು ಮೂರು: ಒಂದು ಚುಕ್ಕೆ ಹುಂಜ, ಹಳೆಯ ಕೆಂಪು ಹೇಂಟೆ, ಇನ್ನೊಂದು ಮುದಿ ಕರಿ ಹೇಂಟೆ. ಎರಡು ತಿಂಗಳು ಬಿಟ್ಟು, ಗೂಡನ್ನು ಸುಣ್ಣ ಬಳಿದು ಬಿಸಿಲಿಗೆ ಒಣಗಿಸಿ, ಹೊಸ ಕೋಳಿ ತರಬೇಕೆಂದು ಚಿಕ್ಕಲಕ್ಷ್ಮಮ್ಮ ತೀರ್ಮಾನಿಸಿದಳು. ಈ ಸಲ ಗಿಡ್ಡ ಜಾತಿಯವನ್ನೇ ತರುವುದೆಂದು ಅವಳ ಮನಸ್ಸು. ಹಿತ್ತಲೆಂದರೆ ಬಟ್ಟೆ ಒಗೆಯುವ ಕಲ್ಲಿಗೂ ಗೋಡೆಗೂ ನಡುವಿನ ಒಂದಿಷ್ಟು ಜಾಗ. ಅದರಲ್ಲೇ ದಂಟಿನ ಸೊಪ್ಪು, ಮೆಣಸಿನ ಗಿಡ. ದೊಡ್ಡ ಕೋಳಿಗಳು ಪಾತಿಯನ್ನೆಲ್ಲ ಕೆದಕಿ ಹಾಕುತ್ತಿದ್ದವು. ಗಿಡ್ಡ ಕಾಲಿನವು ಅಷ್ಟು ಕೆದಕುವುದಿಲ್ಲ, ತಿನ್ನುವುದೂ ಕಡಿಮೆ, ಯಾವ ಮೊಟ್ಟೆ ಇಟ್ಟರೂ ಕಾವಿಗೆ ಕೂರುತ್ತವೆ. ನುಗ್ಗೇಹಳ್ಳಿಯಲ್ಲಿ ಮಾದಮ್ಮ ಎಂಬ ಮುದುಕಿ ಅಂಥವನ್ನು ಸಾಕಿದ್ದಾಳೆಂದು ಬಸ್ಸಿನ ಕಂಡಕ್ಟರೊಬ್ಬ ಪುಟ್ಟರಾಜುವಿಗೆ ಹೇಳಿದ್ದ.

"ಬುಧ್ವಾರ ನುಗ್ಗೇಳ್ಳಿಗೆ ಓಗ್ಬತ್ತೀನಿ ಅನಂತಕ್ಕ" ಎಂದಳು ಚಿಕ್ಕಲಕ್ಷ್ಮಮ್ಮ.

"ನಾನೂ ಬರ್ತೀನಿ."

"ನೀವಾ? ಕೋಳಿ ತರಾಕಾ?"

"ಅಲ್ಲಿ ನಮ್ಮ ಚಿಕ್ಕಮ್ಮನ ಮಗಳ ಮನೆ ಇದೆ. ಅವಳನ್ನ ನೋಡ್ಕೊಂಡು ಬರ್ತೀನಿ ಅಂತ ಅಣ್ಣನಿಗೆ ಹೇಳ್ತೀನಿ. ನೋಡೋದೂ ನಿಜವೇ. ಕೋಳಿ ದಾರೀಲಿ ಸಿಕ್ತು ಅಂದ್ಕೋ."

ಹೇಳಿ, ಚಿಕ್ಕ ಹುಡುಗಿಯ ಹಾಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಅವರು ಹಾಗೆ ನಕ್ಕದ್ದನ್ನು ಚಿಕ್ಕಲಕ್ಷ್ಮಮ್ಮ ಅದುವರೆಗೆ ನೋಡಿರಲಿಲ್ಲ.

ಬುಧವಾರ ಬೆಳಿಗ್ಗೆ ಇಬ್ಬರೂ ಬಸ್ಸು ಹತ್ತಿದರು. ಅನಂತಕ್ಕ ಕಿಟಕಿಯ ಪಕ್ಕ ಕೂತು ತೆಂಗಿನ ತೋಟ, ಹೊಲ, ಎದುರು ಬಂದ ಗಾಡಿ ಎಲ್ಲವನ್ನೂ ತೋರಿಸಿ ತೋರಿಸಿ ಮಾತಾಡಿದರು. ಸೋದರಿಯ ಮನೆಗೆ ಹೋಗಿ ಒಂದು ಗಳಿಗೆ ಕೂತು, ಕೊಟ್ಟ ಬಾಳೆಹಣ್ಣನ್ನು ಮಡಿಲಲ್ಲಿ ಕಟ್ಟಿಕೊಂಡು, ಬಿಸಿಲೇರುವ ಮೊದಲೇ ಮಾದಮ್ಮನ ಮನೆ ಹುಡುಕಿಕೊಂಡು ಬಂದರು.

ಊರ ಹೊರಗೆ ಹುಣಸೆಮರದ ಪಕ್ಕದಲ್ಲಿ ಒಂಟಿ ಮನೆ. ಅಂಗಳದಲ್ಲಿ ಮಂಕರಿಗಳನ್ನು ಬೋರಲು ಹಾಕಿತ್ತು. ಒಳಗೆ ಕೋಳಿಗಳು ಗುಸುಗುಸು ಎನ್ನುತ್ತಿದ್ದವು.

"ಬರ್ರವ್ವ, ಕುಂತ್ಕಳಿ" ಎಂದಳು ಮಾದಮ್ಮ. "ಸಾಕಾಕೋ ಕೂಯ್ಯಾಕೋ? ಅದೇಳಿ ಮೊದ್ಲು. ಕೂಯ್ಯಾಕಾದ್ರೆ ಬ್ಯಾರೆ ಮಂಕ್ರಿ."

"ಸಾಕಾಕೆ ಕಣವ್ವ."

"ಅಂಗಾರೆ ಇರಿ, ಕಾಳು ಆಕ್ತೀನಿ. ಬುಟ್ಟು ನೋಡ್ಬೇಕು. ಮಂಕ್ರೀಲಿರೋವಾಗ ಎಲ್ಲಾವೂ ಒಂದೇಯ."

ಮಂಕರಿ ಎತ್ತಿ ರಾಗಿ ಚೆಲ್ಲಿದಳು. ಹತ್ತು ಹನ್ನೆರಡು ಕೋಳಿಗಳು ಒಮ್ಮೆಗೇ ಚೆಲ್ಲಾಡಿಕೊಂಡು ಬಂದವು. ಎಂಥ ಚೆಂದದ ಕೋಳಿಗಳು! ದೊಡ್ಡವನ್ನು ಯಾರೋ ಕುಗ್ಗಿಸಿ ಇಟ್ಟ ಹಾಗೆ, ಗೇಣೆತ್ತರ. ಎದೆ ಮುಂದಕ್ಕೆ ಚಾಚಿ, ಬಾಲ ನೆಟ್ಟಗೆ ನಿಲ್ಲಿಸಿ ನಡೆಯುತ್ತಿದ್ದವು. ಅನಂತಕ್ಕ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು.

ಚಿಕ್ಕಲಕ್ಷ್ಮಮ್ಮ ಮಾತ್ರ ಸುಮ್ಮನೆ ನಿಂತು ನೋಡಿದಳು. ಕೋಳಿ ಆರಿಸುವುದನ್ನು ಅವಳು ತನ್ನ ತಾಯಿಯಿಂದ ಕಲಿತಿದ್ದಳು. ಕಾಳಿಗೆ ಮೊದಲು ಓಡಿಬಂದದ್ದು ಯಾವುದು, ಬೇರೆಯವು ಕುಕ್ಕಿದರೂ ಜಾಗ ಬಿಡದೆ ತಿಂದದ್ದು ಯಾವುದು ಎಂದು ಗುರುತಿಟ್ಟುಕೊಂಡಳು. ಒಂದು ಒಣಹುಲ್ಲು ಬಣ್ಣದ ಎಳೆಯ ಹೇಂಟೆಯನ್ನು ಹಿಡಿದು ಕಣ್ಣು ನೋಡಿದಳು, ನೀರಿಲ್ಲದೆ ಹೊಳೆಯುತ್ತಿತ್ತು. ಕಿವಿಗೆ ಹಿಡಿದು ಉಸಿರು ಕೇಳಿದಳು, ಗೊರಗೊರ ಇರಲಿಲ್ಲ. ಕಾಲಿನ ಚರ್ಮ ನಯವಾಗಿತ್ತು. ಹಿಂಬದಿಯ ಎಲುಬುಗಳ ನಡುವೆ ಎರಡು ಬೆರಳು ಸಲೀಸಾಗಿ ಹಿಡಿದವು. ಅಂದರೆ ಮೊಟ್ಟೆಗೆ ಹತ್ತಿರ. ಅದನ್ನು ತನ್ನ ಕುಕ್ಕೆಗೆ ಹಾಕಿಕೊಂಡಳು. ಎರಡನೆಯದಾಗಿ ಕಪ್ಪುಬಿಳುಪಿನ ಒಂದನ್ನು ಆರಿಸಿದಳು. ಅದು ಕೈಯನ್ನು ರಕ್ತ ಬರುವ ಹಾಗೆ ಕುಕ್ಕಿತು.

"ಇದು ಮರಿ ಕಾಯ್ತದೆ" ಎಂದು ಮೆಚ್ಚಿಕೊಂಡಳು. "ಸಾಕು ಕಣವ್ವ, ಎಲ್ಡು."

"ಲಕ್ಷ್ಮಮ್ಮ, ಅದು?" ಎಂದರು ಅನಂತಕ್ಕ.

ಹುಣಸೆಮರದ ಬೇರಿನ ಹತ್ತಿರ ಒಂದು ಬೂದು ಬಣ್ಣದ ಕೋಳಿ ಒಂಟಿಯಾಗಿ ನಿಂತಿತ್ತು. ಉಳಿದವುಗಳ ನಡುವೆ ನುಗ್ಗಲಾರದೆ ಕತ್ತು ಓರೆ ಮಾಡಿಕೊಂಡು ಕಾಳನ್ನೇ ನೋಡುತ್ತಿತ್ತು. ಎಡಗಾಲಿನ ಬೆರಳೊಂದು ಒಳಕ್ಕೆ ಮಡಚಿಕೊಂಡು, ನಡೆದರೆ ಕುಂಟುತ್ತಿತ್ತು.

"ಅದ್ ಬ್ಯಾಡಿ ತಾಯಿ" ಎಂದಳು ಮಾದಮ್ಮ. "ವರ್ಸವಾದ್ರೂ ಮೊಟ್ಟೆ ಇಕ್ನಿಲ್ಲ. ನಾಳೀಕ್ ಸಂತೆಗೆ ಆಕ್ತೀನಿ."

ಅನಂತಕ್ಕ ಮಡಿಲಿನ ಬಾಳೆಹಣ್ಣನ್ನು ಮುರಿದು ಅಂಗೈಯಲ್ಲಿ ಇಟ್ಟುಕೊಂಡು, "ಬಾ ಬಾ" ಎಂದರು. ಬೂದು ಕೋಳಿ ಎರಡು ಹೆಜ್ಜೆ ಇಟ್ಟು ನಿಂತಿತು. ಮತ್ತೆ ಕರೆದರು. ಕುಂಟುತ್ತ ಬಂದು ಅಂಗೈಯಿಂದಲೇ ತಿಂದಿತು.

"ಇದನ್ನೂ ತಗೋ ಲಕ್ಷ್ಮಮ್ಮ."

"ಮೊಟ್ಟೆ ಇಕ್ದಿರೋ ಕೋಳೀನ ತಗಂಡು ಏನ್ ಮಾಡಾನ ಅನಂತಕ್ಕ?"

"ಏನೂ ಮಾಡೋದು ಬೇಡ. ಇರ್ಲಿ. ನಾನು ಸಾಕೋ ಹಾಗಿದ್ದಿದ್ರೆ ನಾನೇ ಸಾಕ್ತಿದ್ದೆ. ನಮ್ಮನೇಲಿ ಆಗಲ್ವಲ್ಲ. ಕಾಳು ನಾನು ಹಾಕ್ತೀನಿ. ಇದೊಂದನ್ನ ಮಾತ್ರ ಕೊಯ್ಯಬಾರ್ದು. ಮಾತು ಕೊಡು."

ಅವರು ತನಗಾಗಿ ಏನನ್ನಾದರೂ ಕೇಳಿದ್ದು ಅದೇ ಮೊದಲು. ಚಿಕ್ಕಲಕ್ಷ್ಮಮ್ಮ ಅವರ ಕೈ ಮೇಲೆ ಕೈ ಇಟ್ಟು, "ಆಯ್ತು ಕಣಕ್ಕ. ಇದು ತಾನಾಗೇ ಸಾಯೋಗಂಟ ನಮ್ಮಿತ್ಲಲ್ಲಿ ಇರ್ತದೆ. ನಿಮ್ಮಾಣೆಗೂ" ಎಂದಳು.

ಮಾದಮ್ಮ ನಗುತ್ತ ಅದನ್ನು ಬಿಟ್ಟಿಯಾಗಿಯೇ ಕೊಟ್ಟಳು. ವಾಪಸು ಬರುವಾಗ ಬಸ್ಸಿನಲ್ಲಿ ಕುಕ್ಕೆಯೊಳಗಿಂದ ಕೋಳಿ ಕೂಗಿದಾಗಲೆಲ್ಲ ಅನಂತಕ್ಕ ತಮಗೇನೂ ಗೊತ್ತಿಲ್ಲವೆಂಬಂತೆ ಕಿಟಕಿಯಾಚೆ ನೋಡುವರು, ಭುಜ ಮಾತ್ರ ನಗುವಿಗೆ ಕುಲುಕುತ್ತಿತ್ತು.

ಹೊಸ ಕೋಳಿಗಳನ್ನು ಹದಿನೈದು ದಿನ ಬೇರೆ ಮಂಕರಿಯಲ್ಲಿ, ಬಚ್ಚಲ ಪಕ್ಕ ಇಟ್ಟಳು. ರೋಗವಿಲ್ಲವೆಂದು ಖಾತ್ರಿಯಾದ ಮೇಲೆ ಒಂದು ಸಂಜೆ ಹಳೆಯವುಗಳ ಜೊತೆ ಗೂಡಿಗೆ ಬಿಟ್ಟಳು. ಮಾರನೆಯ ದಿನ ಜಗಳವೇ ಜಗಳ. ಕಪ್ಪುಬಿಳುಪಿನದು ತನಗಿಂತ ದುಪ್ಪಟ್ಟಿದ್ದ ಕರಿ ಹೇಂಟೆಯನ್ನು ಅಟ್ಟಾಡಿಸಿ ಹಿತ್ತಲಿಗೆ ಯಜಮಾನಿಯಾಯಿತು. ಹುಲ್ಲು ಬಣ್ಣದ್ದು ಯಾರ ತಂಟೆಗೂ ಹೋಗದೆ ತಿಂಗಳೊಳಗೆ ಮೊಟ್ಟೆ ಇಟ್ಟಿತು. ಬೂದಿಯನ್ನು, ಅನಂತಕ್ಕ ಅದಕ್ಕೆ ಇಟ್ಟ ಹೆಸರು ಅದು, ಎಲ್ಲವೂ ಕುಕ್ಕುತ್ತಿದ್ದವು. ಅದು ಗೋಡೆಯ ಬುಡಕ್ಕೆ ಒತ್ತಿಕೊಂಡು ನಿಲ್ಲುತ್ತಿತ್ತು. ಹಾರಿ ಗೋಡೆ ಏರಲು ಅದರ ಕಾಲಿಗೆ ಶಕ್ತಿಯಿರಲಿಲ್ಲ. ಒಂದು ದಿನ ಅನಂತಕ್ಕ ಆ ಕಡೆಯಿಂದ ಗೋಡೆಯ ಬುಡದ ಎರಡು ಕಲ್ಲು ಕಿತ್ತು ಒಂದು ಕಂಡಿ ಮಾಡಿದರು. ಅಲ್ಲಿಂದ ಮುಂದೆ ಮಧ್ಯಾಹ್ನವಾಯಿತೆಂದರೆ "ಬಾ ಬಾ" ಎಂಬ ದನಿ ಕೇಳುವುದು, ಬೂದಿ ಕುಂಟುತ್ತ ಕಂಡಿಯಲ್ಲಿ ತೂರಿ ಆಚೆ ಹೋಗುವುದು. ಒಂದು ಗಂಟೆ ಅವರ ಹಿತ್ತಲಲ್ಲಿ ಅಡ್ಡಾಡಿ, ಸೌದೆ ಒಟ್ಟಿಲ ನೆರಳಲ್ಲಿ ಅವರ ಪಕ್ಕ ಕೂತಿದ್ದು, ವಾಪಸು ಬರುವುದು. ಅದು ಮೊಟ್ಟೆ ಇಡಲೇ ಇಲ್ಲ.

ಹೀಗೆ ಸುಮಾರು ಒಂದು ವರ್ಷ.

ಐವತ್ತೆಂಟರ ಆಷಾಢದಲ್ಲಿ ಒಂದು ಬೆಳಿಗ್ಗೆ ಪುಟ್ಟರಾಜು ಬಸ್ ಸ್ಟ್ಯಾಂಡಿನಿಂದ ಅರ್ಧಕ್ಕೇ ಓಡಿಬಂದ.

"ಅಣ್ಣ ಬಂದವ್ನೆ ಕಣೇ! ಇರೀಸಾವೆ ಬಸ್ಸಲ್ಲಿ ಇಳ್ದ. ಅವನೇ ಬಂದು ಮಾತಾಡ್ಸುದ. ಕ್ಷೌರ ಮಾಡಿಸ್ಕಂಡು ಬತ್ತೀನಿ ಅಂದ. ಮಧ್ಯಾನ್ಕೆ ಊಟಕ್ಕೆ ಬತ್ತನೆ."

ಅಣ್ಣ ಗುಂಡಯ್ಯ ಐದು ವರ್ಷದಿಂದ ಈ ಹೊಸ್ತಿಲು ತುಳಿದಿರಲಿಲ್ಲ. ಒಂದು ಬಾವಿಯ ವಿಷಯಕ್ಕೆ ಮಾತು ಬೆಳೆದು, ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡದಂತಾಗಿತ್ತು. ಅದಕ್ಕಾಗಿ ಪುಟ್ಟರಾಜು ಒಳಗೊಳಗೇ ಎಷ್ಟು ಸವೆದಿದ್ದನೆಂದು ಹೆಂಡತಿಗೆ ಗೊತ್ತಿತ್ತು.

"ಐದೊರ್ಸದ್ ಮ್ಯಾಲೆ ಬಂದೋನ್ಗೆ ಬರೀ ಬಸ್ಸಾರು ಇಕ್ಕಾಕಾಯ್ತದಾ? ಒಂದು ಕೋಳಿ ಇಡ್ಕೊಡು, ಕೂಯ್ದು ಓಯ್ತೀನಿ. ಮೂರು ಗಂಟೆ ಬಸ್ಗೆ ಓಗ್ಬೇಕಂತೆ ಅವನು."

ಯಾವ ಕೋಳಿ ಎಂದು ಅವನು ಹೇಳಲಿಲ್ಲ. ಅದನ್ನು ಅವಳಿಗೇ ಬಿಟ್ಟು, ಕತ್ತಿ ಮಸೆಯಲು ಹೋದ.

ಚಿಕ್ಕಲಕ್ಷ್ಮಮ್ಮ ಹಿತ್ತಲಿನಲ್ಲಿ ನಿಂತು ನೋಡಿದಳು. ಹುಲ್ಲು ಬಣ್ಣದ್ದು ಒಂಬತ್ತು ಮರಿಗಳ ತಾಯಿ. ಕಪ್ಪುಬಿಳುಪಿನದು ಕಾವಿಗೆ ಕೂತಿತ್ತು. ಕೆಂಪು ಹೇಂಟೆ ದಿನ ಬಿಟ್ಟು ದಿನ ಮೊಟ್ಟೆ ಇಡುತ್ತಿತ್ತು. ಹುಂಜ ಇದ್ದದ್ದು ಒಂದೇ. ಮುದಿ ಕರಿ ಹೇಂಟೆಯನ್ನು ಹಿಡಿಯಬಹುದಿತ್ತು. ಆದರೆ ಅದರ ಮಾಂಸ ಬೇಯಲು ಅರ್ಧ ದಿನ ಬೇಕು. ಪೇಟೆಯ ಹಿಂದಿನ ಬೀದಿಗೆ ಹೋದರೆ ಬೇರೆ ಕೋಳಿ ಸಿಗುತ್ತಿತ್ತು. ಹೋಗಿ ಬರುವಷ್ಟು ಹೊತ್ತೂ ಇತ್ತು. ಇದೆಲ್ಲ ಅವಳಿಗೆ ಆಗಲೇ ಹೊಳೆಯಿತು. ಹೊಳೆಯಲಿಲ್ಲವೆಂದು ಮುಂದೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಳ್ಳಲು ನೋಡಿದಳು, ಆಗಲಿಲ್ಲ.

ಅನಂತಕ್ಕ ಆ ದಿನ ಅತ್ತಿಗೆಯ ಜೊತೆ ಬೆಳಗೊಳಕ್ಕೆ ಹೋಗಿದ್ದರು, ಸಂಜೆಗೆ ಬರುವವರು. ಬೂದಿ ಗೋಡೆಯ ಬುಡದಲ್ಲಿ ನಿಂತಿತ್ತು. ಉಪಯೋಗಕ್ಕೆ ಬಾರದ ಕೋಳಿ. ಹಿಡಿಯಲು ಓಡಬೇಕಾಗಿಯೂ ಇರಲಿಲ್ಲ. ಚಿಕ್ಕಲಕ್ಷ್ಮಮ್ಮ ಕುಕ್ಕರಗಾಲಿನಲ್ಲಿ ಕೂತು, ಅಂಗೈ ಚಾಚಿ, ಅನಂತಕ್ಕ ಕರೆಯುವ ಹಾಗೆಯೇ "ಬಾ ಬಾ" ಎಂದಳು.

ಅದು ಬಂತು. ಅಂಗೈಯಲ್ಲಿ ಏನೂ ಇಲ್ಲದ್ದನ್ನು ನೋಡಿಯೂ ಓಡಲಿಲ್ಲ.

ಊಟಕ್ಕೆ ಕೂತ ಗುಂಡಯ್ಯ ಎರಡನೆಯ ಮುದ್ದೆಗೆ ಬರುವ ಹೊತ್ತಿಗೆ, "ಸಾರು ಸಂದಾಗದೆ ಕಣವ್ವ. ನಮ್ಮವ್ವ ಮಾಡ್ದಂಗದೆ" ಎಂದ. ಪುಟ್ಟರಾಜು ಎಡಗೈಯಲ್ಲಿ ಕಣ್ಣೊರೆಸಿಕೊಂಡ. ಬಸ್ಸಿಗೆ ಹೊರಡುವ ಮೊದಲು ಗುಂಡಯ್ಯ ತಮ್ಮನ ಹೆಗಲ ಮೇಲೆ ಕೈ ಹಾಕಿ, "ಗೌರಿಹಬ್ಬಕ್ಕೆ ಎಲ್ರೂ ಊರಿಗೆ ಬನ್ನಿ" ಎಂದು ಹೇಳಿ ಹೋದ. ಮನೆ ಮತ್ತೆ ಒಂದಾಯಿತು. ಚಿಕ್ಕಲಕ್ಷ್ಮಮ್ಮ ತಿಪ್ಪೆಯ ಮೂಲೆಯಲ್ಲಿ ಗುಂಡಿ ತೋಡಿ ಬೂದು ಪುಕ್ಕಗಳನ್ನು ಹೂತು, ಮೇಲೆ ಒಲೆಯ ಬೂದಿ ಸುರಿದು, ಕೈ ತೊಳೆದುಕೊಂಡಳು.

ಸಂಜೆ ಗೋಡೆಯಾಚೆಯಿಂದ "ಬಾ ಬಾ" ಎಂಬ ದನಿ ಕೇಳಿತು. ಮತ್ತೆ ಕೇಳಿತು. ಆಮೇಲೆ, "ಲಕ್ಷ್ಮಮ್ಮ, ಬೂದಿ ಎಲ್ಲಿ?"

ಚಿಕ್ಕಲಕ್ಷ್ಮಮ್ಮ ಒಳಗಿನಿಂದಲೇ ಮಾತನ್ನು ಸಿದ್ಧಮಾಡಿಕೊಂಡು ಬಂದಿದ್ದಳು.

"ಮುಂಗ್ಸಿ ಒತ್ಕಂಡೋಯ್ತು ಅನಂತಕ್ಕ. ಬಟ್ಟೆ ಒಗೀತಿದ್ದೆ, ಕಿರುಚ್ಕಂಡಿದ್ದು ಕೇಳ್ಸ್ತು. ಓಡ್ಬರೋ ಅಷ್ಟ್ರಲ್ಲಿ ಇಲ್ಲ."

ಅನಂತಕ್ಕನ ಮುಖದಲ್ಲಿ ಬಣ್ಣವೇ ಉಳಿಯಲಿಲ್ಲ. ಆಮೇಲೆ ಬಗ್ಗಿ ಗೋಡೆಯ ಬುಡ ನೋಡಿದರು.

"ಈ ಕಂಡಿ ನಾನೇ ತೆಗ್ದಿದ್ದು. ಮುಂಗುಸಿ ಇದ್ರಲ್ಲೇ ಬಂದಿರ್ಬೇಕು. ಅಲ್ವಾ ಲಕ್ಷ್ಮಮ್ಮ?"

ಅಲ್ಲ ಎನ್ನಬಹುದಿತ್ತು. ಗೋಡೆ ಹಾರಿ ಬಂತೆನ್ನಬಹುದಿತ್ತು, ಬಚ್ಚಲ ಮೋರಿಯಿಂದ ಬಂತೆನ್ನಬಹುದಿತ್ತು. ಸುಳ್ಳಿನೊಳಗೇ ಇನ್ನೊಂದು ಸುಳ್ಳು ಹೇಳಿ ಆ ಹೆಂಗಸನ್ನು ಉಳಿಸಬಹುದಿತ್ತು. ಆದರೆ ಅನಂತಕ್ಕನ ಮಾತು ಕೇಳಿದೊಡನೆ ಚಿಕ್ಕಲಕ್ಷ್ಮಮ್ಮನಿಗೆ ಎದೆಯ ಮೇಲಿನ ಭಾರ ಇಳಿದಂತಾಯಿತು. ಇನ್ನು ಯಾರೂ ತಿಪ್ಪೆಯ ಕಡೆ ನೋಡುವುದಿಲ್ಲ.

"ಇರ್ಬೋದು" ಎಂದಳು.

ಮಾರನೆಯ ದಿನ ಬೆಳಿಗ್ಗೆ ಅನಂತಕ್ಕ ತಾವೇ ಮಣ್ಣು ಕಲಸಿ, ಕಲ್ಲುಗಳನ್ನು ತಿರುಗಿ ಇಟ್ಟು ಕಂಡಿ ಮುಚ್ಚಿದರು. ಆ ದಿನ ಅವರು ಊಟ ಮಾಡಲಿಲ್ಲವೆಂದು ಅವರ ಅತ್ತಿಗೆ ನೀರಿನ ಕೊಳಾಯಿಯ ಹತ್ತಿರ ಸಿಕ್ಕಾಗ ಹೇಳಿದರು. "ಒಂದು ಕೋಳಿಗೆ ಇಷ್ಟೊಂದಾ?" ಎಂದು ಆಕೆ ನಕ್ಕರು. ಚಿಕ್ಕಲಕ್ಷ್ಮಮ್ಮನೂ ನಕ್ಕಂತೆ ಮಾಡಿದಳು.

ಅನಂತಕ್ಕ ಆಮೇಲೂ ಗೋಡೆಯ ಬಳಿ ಬರುತ್ತಿದ್ದರು. ಆದರೆ ಕೋಳಿಗಳನ್ನು ಹೆಸರಿಟ್ಟು ಕರೆಯುವುದನ್ನು ನಿಲ್ಲಿಸಿದರು. ಕಾಳು ಹಾಕುತ್ತಿರಲಿಲ್ಲ. "ನಾನು ಮುಟ್ಟಿದ್ದಕ್ಕೆ ಕೇಡು" ಎಂದು ಒಮ್ಮೆ ಅಂದರು. ಹೇಳಿಬಿಡಬೇಕೆಂದು ಚಿಕ್ಕಲಕ್ಷ್ಮಮ್ಮನ ಬಾಯಿಗೆ ಬರುತ್ತಿತ್ತು. ಹೇಳಿದರೆ ಇಷ್ಟೂ ಹೋಗುತ್ತದೆ, ಅವರು ಇನ್ನೆಂದೂ ಗೋಡೆಯ ಹತ್ತಿರ ಬರುವುದಿಲ್ಲ ಎಂದು ಹೆದರಿ ನುಂಗಿಕೊಳ್ಳುತ್ತಿದ್ದಳು. ಇವತ್ತು ಬೇಡ, ನಾಳೆ ಎಂದು ಎರಡು ತಿಂಗಳು ಕಳೆಯಿತು.

ಭಾದ್ರಪದದಲ್ಲಿ ಜೈನರ ಹತ್ತು ದಿನದ ಪರ್ವ ಬಂತು. ಅದು ಮುಗಿದ ಮೇಲೆ ಅವರು ಮನೆಯವರು, ನೆರೆಯವರು, ಬಂಧುಗಳು ಎಲ್ಲರ ಹತ್ತಿರ ಹೋಗಿ, ಗೊತ್ತಿದ್ದೋ ಗೊತ್ತಿಲ್ಲದೆಯೋ ಮಾಡಿದ ತಪ್ಪಿಗೆ ಕ್ಷಮೆ ಕೇಳುವುದುಂಟು. ಅನಂತಕ್ಕ ಉಪವಾಸದಿಂದ ಇಳಿದ ಮುಖ ಹೊತ್ತು ಗೋಡೆಯ ಬಳಿ ಬಂದು ಕೈ ಮುಗಿದರು.

"ಬೂದಿ ವಿಷಯದಲ್ಲಿ ನನ್ನನ್ನ ಕ್ಷಮಿಸ್ಬೇಕು ಲಕ್ಷ್ಮಮ್ಮ. ನಿನಗೆ ಬೇಡವಾಗಿದ್ದನ್ನ ಬಲವಂತ ಮಾಡಿ ತರ್ಸ್ದೆ. ಮಾತೂ ತಗೊಂಡೆ. ನೀನು ಮಾತು ಉಳಿಸ್ಕೊಂಡೆ. ನನ್ನ ಅಜಾಗರೂಕತೆಯಿಂದ ಅದರ ಜೀವ ಹೋಯ್ತು."

ಕೇಳಬೇಕಾದವಳು ತಾನು; ಕೈ ಮುಗಿದು ನಿಂತವರು ಅವರು. ಆ ಗಳಿಗೆಯಲ್ಲಿ ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು.

"ಅಯ್ಯೋ, ಬುಡಿ ಅನಂತಕ್ಕ. ಕೋಳಿ ತಾನೆ" ಎಂದಳು.

ಮರುವರ್ಷ ಅನಂತಕ್ಕ ಅಣ್ಣನ ಮನೆ ಬಿಟ್ಟು ಬೆಳಗೊಳಕ್ಕೆ ಹೋದರು. ಅಲ್ಲಿ ವ್ರತ ಹಿಡಿದ ನಾಲ್ಕೈದು ಹೆಂಗಸರು ಒಂದು ಮನೆಯಲ್ಲಿ ಒಟ್ಟಿಗಿದ್ದು, ಪೂಜೆ, ಶಾಸ್ತ್ರ ಓದುವುದು, ಯಾತ್ರೆಗೆ ಬಂದವರ ಯೋಗಕ್ಷೇಮ ನೋಡುವುದು ಮಾಡಿಕೊಂಡಿದ್ದರು. ಅವರೊಡನೆ ಸೇರಿಕೊಂಡರು. ಹೋಗುವ ದಿನ ಚಿಕ್ಕಲಕ್ಷ್ಮಮ್ಮ ಹಿರೀಸಾವೆಯಲ್ಲಿ ಗುಂಡಯ್ಯನ ಮಗಳ ಮದುವೆ ಮಾತಿಗೆಂದು ಹೋಗಿದ್ದಳು. ಬಂದು ನೋಡಿದರೆ ಗೋಡೆಯಾಚೆ ಯಾರೂ ಇರಲಿಲ್ಲ.

ಬೆಳಗೊಳವೇನು ದೂರವಲ್ಲ, ಎಂಟು ಮೈಲಿ. ಗಂಡನೇ ಬಸ್ಸಿನ ಏಜೆಂಟ್. ಹೋಗಬೇಕೆಂದುಕೊಳ್ಳುತ್ತಲೇ ಏಳು ವರ್ಷ ಹೋಯಿತು. ಮಕ್ಕಳು ದೊಡ್ಡವರಾದರು. ಕೋಳಿಗಳು ಸತ್ತು, ಹುಟ್ಟಿ, ಹಿತ್ತಲ ತುಂಬ ಗಿಡ್ಡ ಜಾತಿಯೇ ಆಯಿತು. ಪ್ರತಿ ಸಲ ಹೊಸ ಮರಿಗಳಲ್ಲಿ ಇಡುವುದಾವುದು, ಕೊಡುವುದಾವುದು ಎಂದು ಆರಿಸುವಾಗಲೂ ಅವಳ ಕೈ ತಡೆಯುತ್ತಿತ್ತು. ಅರವತ್ತಾರರಲ್ಲಿ ಅವಳಿಗೆ ಟೈಫಾಯಿಡ್ ಬಂದು ಹಾಸನದ ಆಸ್ಪತ್ರೆಯಲ್ಲಿ ಇಪ್ಪತ್ತು ದಿನ ಮಲಗಬೇಕಾಯಿತು. ಉಳಿಯುವುದಿಲ್ಲವೆಂದು ಅವಳಿಗೇ ಅನ್ನಿಸಿತ್ತು. ಎದ್ದು ಓಡಾಡುವಂತಾದ ಮೇಲೆ ಮೊದಲ ಕೆಲಸವೆಂದರೆ ಬೆಳಗೊಳದ ಬಸ್ಸು ಹತ್ತಿದ್ದು.

ಅನಂತಕ್ಕ ಬಿಳಿ ಸೀರೆ ಉಟ್ಟು ಜಗಲಿಯ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದರು. ತುಂಬ ಸೊರಗಿದ್ದರು, ಕೂದಲು ಅರ್ಧ ಬೆಳ್ಳಗಾಗಿತ್ತು. ಗುರುತು ಹಿಡಿದೊಡನೆ ಮುಖ ಅರಳಿತು.

"ಲಕ್ಷ್ಮಮ್ಮ! ಏನೇ ಇದು, ಕಡ್ಡಿ ಹಾಗಾಗಿದ್ದೀಯಲ್ಲ?"

ಪಕ್ಕದಲ್ಲಿ ಕೂರಿಸಿಕೊಂಡು ಮಕ್ಕಳನ್ನು, ಮನೆಯನ್ನು ವಿಚಾರಿಸಿದರು. ಚಿಕ್ಕಲಕ್ಷ್ಮಮ್ಮ ಮೊರದಲ್ಲಿನ ಅಕ್ಕಿಯನ್ನೇ ನೋಡುತ್ತ ಹೇಳಿದಳು.

"ಬೂದೀನ ಮುಂಗ್ಸಿ ತಗಂಡೋಗ್ನಿಲ್ಲ ಅನಂತಕ್ಕ. ನಾನೇ ಇಡ್ಕೊಟ್ಟೆ. ಅವತ್ತು ನಮ್ ಭಾವ ಬಂದಿದ್ರು. ನೀವು ಕರ್ದಂಗೆ ಕರ್ದೆ, ಬಂತು. ಕಂಡೀಲಿ ಯಾವ ಮುಂಗ್ಸೀನೂ ಬರ್ನಿಲ್ಲ."

ಅನಂತಕ್ಕನ ಬೆರಳು ಮೊರದ ಮೇಲೆ ನಿಂತವು. ಬೀದಿಯಲ್ಲಿ ಯಾತ್ರಿಕರ ಒಂದು ಗುಂಪು ಬೆಟ್ಟದ ಕಡೆಗೆ ಹೋಯಿತು.

"ಕೊಯ್ದಾಗ ತುಂಬಾ ಒದ್ದಾಡ್ತಾ?" ಎಂದು ಕೇಳಿದರು.

"ಗೊತ್ತಿಲ್ಲ ಕಣಕ್ಕ. ನಾನು ಒಳೀಕೋದೆ."

"ಹೂಂ." ಮತ್ತೆ ಅಕ್ಕಿಗೆ ಕೈ ಹಾಕಿದರು. "ಅವತ್ತೇ ಹೇಳಿದ್ರೆ ನಿನ್ನ ಮೇಲೆ ಸಿಟ್ಟು ಬರ್ತಿತ್ತು. ಒಂದು ತಿಂಗಳು ಮಾತು ಬಿಡ್ತಿದ್ದೆನೋ ಏನೋ. ಆಮೇಲೆ ಸರಿಹೋಗ್ತಿದ್ದೆ." ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಆಯ್ತು. ಈಗಲಾದ್ರೂ ಹೇಳಿದ್ಯಲ್ಲ. ನಾನು ತೆಗೆದ ಕಂಡಿಯಿಂದ್ಲೇ ಅದರ ಜೀವ ಹೋಯ್ತು ಅಂತ ಎಂಟು ವರ್ಷ ಅಂದ್ಕೊಂಡಿದ್ದೆ."